ಊಟಕ್ಕೆ ಕರೆಯದ ಎಡತುದಿಯವನು

ವರ್ನಾ ಮೈದಾನದ ಅಂಚಿನ ಬೆಂಚಿನ ಮೇಲೆ ಕಡಲೆಕಾಯಿಗಳನ್ನು ಆಟಗಾರರಂತೆ ಜೋಡಿಸಿ, ಟೆಕ್ಸಸ್‌ಗೆ ಹೊಸದಾಗಿ ಬಂದಿದ್ದ ಬ್ರಿಯಾನಾಗೆ ಅಮೆರಿಕನ್ ಫುಟ್‌ಬಾಲ್ ಹೇಳಿಕೊಡುತ್ತಿದ್ದಳು. "ಇವನು ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆಯೋನು, ನಿಮ್ಮ ಮಗ ಕೋಲ್ಟನ್. ದೂರ ಓಡೋರು ಅದನ್ನ ಹಿಡಿಯೋರು. ಮುಂದಿರೋ ಐದು ದಢೂತಿಗಳು ಇವನ ಕಾವಲು. ಎಡತುದೀಲಿ ನನ್ನ ಮಗ ಡೆವಿನ್. ಕೋಲ್ಟನ್ ಬೆನ್ನಿಗೆ ನುಗ್ಗೋರನ್ನ ತಡೆಯೋನು ಅವನೇ."

"ನಿನ್ನೆ ನಮ್ಮನೆ ಊಟಕ್ಕೆ ಓಡೋರಷ್ಟೇ ಬಂದಿದ್ರಲ್ಲ?"

"ಆಟದ ಹಿಂದಿನ ದಿನ ಚೆಂಡು ಎಸೆಯೋನು ಕಾವಲಿನೋರಿಗೆ ಊಟ ಹಾಕೋದು ಇಲ್ಲಿನ ಪದ್ಧತಿ. ನಿಮ್ಮ ಮಗ 'ಎಮ್ಮೆಗಳಿಗೆ ಮೇವು ಹಾಕಲ್ಲ' ಅಂದನಂತೆ." ವರ್ನಾ ಎಡತುದಿಯ ಕಡಲೆಕಾಯಿ ಎತ್ತಿ, ಸುಲಿದು ಬಾಯಿಗೆ ಹಾಕಿಕೊಂಡಳು.

"ಅಯ್ಯೋ, ಆ ಜಾಗ ಖಾಲಿಯಾದ್ರೆ?"

"ನೋಡ್ತಾ ಇರಿ."

ಮೈದಾನದಲ್ಲಿ ಚೆಂಡು ಕೋಲ್ಟನ್‌ನ ಕೈ ಸೇರಿತು. ಡೆವಿನ್, ನೆಂಟರನ್ನು ಊಟಕ್ಕೆ ಒಳಗೆ ಕರೆಯುವವನಂತೆ, ಪಕ್ಕಕ್ಕೆ ಸರಿದು ಎದುರಾಳಿಗೆ ದಾರಿ ಬಿಟ್ಟ.