ಹೊಳೆಗೆ ಬಿಡದ ವೇಲು

ಉಕ್ಕಡಗಾತ್ರಿಯ ಹೊಳೆಯಲ್ಲಿ ಮುಳುಗೆದ್ದ ಶಿವಲೀಲಾ ಒದ್ದೆ ವೇಲನ್ನು ನೀರಿಗೆ ಬಿಡಲಿಲ್ಲ.

"ಬಿಡವ್ವಾ," ಎಂದರು ದಡದಲ್ಲಿದ್ದ ತಾಯಿ ಕಸ್ತೂರಮ್ಮ. ಮಿಂದ ಬಟ್ಟೆಯನ್ನು ಹೊಳೆಗೆ ಬಿಟ್ಟರೆ ಹಿಡಿದ ಪೀಡೆ ಅದರ ಜೊತೆ ಹೋಗುತ್ತದೆಂಬುದು ನಂಬಿಕೆ. ಕಾರವಾರಕ್ಕೆ ಹೋಗಿ ಕಡಲ ಜೀವಿಗಳ ಬಗ್ಗೆ ಓದುತ್ತೇನೆ, ಅವನ್ನು ಉಳಿಸುವುದನ್ನು ಶಾಲೆ ಮಕ್ಕಳಿಗೆ ಕಲಿಸುತ್ತೇನೆ ಎನ್ನುವ ಮಗಳ ಹಟವೇ ಕಸ್ತೂರಮ್ಮನ ಪಾಲಿಗೆ ಪೀಡೆ.

"ಈ ನೀರು ಸಮುದ್ರಕ್ಕೇ ಹೋಗೋದಮ್ಮ. ನನ್ನ ಪೀಡೆ ನನಗಿಂತ ಮೊದ್ಲು ಅಲ್ಲಿಗೆ ಮುಟ್ಟುತೈತೆ, ಅಷ್ಟೇ."

"ನಗಿಸಬ್ಯಾಡ. ದಾವಣಗೆರೆಯಾಗ ಹುಟ್ಟಿದೋಳಿಗೆ ಸಮುದ್ರ ಯಾಕ ಬೇಕು?"

ಶಿವಲೀಲಾಳ ಕಾಲಿಗೆ ಏನೋ ತೊಡರಿತು. ಬಗ್ಗಿ ಎಳೆದಳು. ಮರಳಲ್ಲಿ ಹೂತಿದ್ದ ಸೀರೆಯೊಂದು ಬಂತು, ಅದಕ್ಕೆ ಸುತ್ತಿಕೊಂಡು ಪಂಚೆ, ಆಮೇಲೆ ಮಗುವಿನ ಅಂಗಿ. ಅಂಗಿಯ ತೋಳಿನಲ್ಲಿ ಸಿಕ್ಕಿಬಿದ್ದ ಬೆರಳುದ್ದದ ಮೀನು ಬಾಲ ಬಡಿಯುತ್ತಿತ್ತು. ಅವಳು ತೋಳನ್ನು ನಿಧಾನವಾಗಿ ಮಡಚಿ ಮೀನನ್ನು ಬಿಡಿಸಿದಳು. ಮತ್ತೆ ಸೀರೆ ಎಳೆದಳು. ಅದು ಇನ್ನೂ ಮುಗಿಯಲಿಲ್ಲ, ಭಾರಕ್ಕೆ ಕಾಲು ಜಾರಿತು.

ಕಸ್ತೂರಮ್ಮ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದರು. ಸೀರೆಯ ಇನ್ನೊಂದು ಕಡೆ ಹಿಡಿದರು.

"ಹಿಡಿದೀನಿ, ಎಳಿ," ಎಂದರು. ಸ್ವಲ್ಪ ಹೊತ್ತಿನ ಮೇಲೆ, ಮಗಳ ಮುಖ ನೋಡದೆ ಕೇಳಿದರು: "ಕಾರವಾರದ ಹಾಸ್ಟೆಲ್ ಹತ್ರ ಎಸ್‌.ಟಿ.ಡಿ. ಬೂತ್ ಐತೇನು?"