ತುಕ್ಕು ಹಿಡಿಯದ ಗೇಟು

ಶ್ರೀಧರ್ ಬೀಗದ ಕೈಯಿಂದ ಗೇಟನ್ನು ಕೆರೆಯುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದ. ಅದು ಅವನ ಗೇಟೇನಲ್ಲ. ರಾಜಗೋಪಾಲನಗರದಲ್ಲಿ ಮೋರಿಯ ಪಕ್ಕದ ಬೀದಿಯ ಗೌರಮ್ಮನವರ ವಠಾರದ ಗೇಟು. ಕರಕರ ಶಬ್ದ ಕೇಳಿ ಹೊರಗೆ ಬಂದ ಗೌರಮ್ಮ, ಹಾಡುಹಗಲಲ್ಲೇ ಪರರ ಗೇಟು ಕೆರೆಯೋಕೆ ತಲೆ ನೆಟ್ಟಗಿದೆಯಾ ಎಂದು ವಿಚಾರಿಸಿದರು.

ತಲೆ ನೆಟ್ಟಗಿರಲಿಲ್ಲ ಎಂದೇ ಹೇಳಬೇಕು. ಶ್ರೀಧರ್ ಪೀಣ್ಯದಲ್ಲಿ ಕಬ್ಬಿಣದ ಕೆಲಸದ ಒಂದು ಶೆಡ್ಡಿನಲ್ಲಿ ಸೂಪರ್‌ವೈಸರ್. ಅಲ್ಲಿಂದ ಬೆಳ್ಳಂದೂರಿನ ಟೆಕ್ ಪಾರ್ಕ್ ಒಂದಕ್ಕೆ ಮಾಡಿಕೊಟ್ಟ ಕಬ್ಬಿಣದ ಮೆಟ್ಟಿಲುಗಳು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಹಪ್ಪಳದ ಹಾಗೆ ಏಳುತ್ತಿದ್ದವು. ಹೊಡೆದದ್ದು ಸತುವಿನ ಪೇಂಟು. ಹತ್ತು ವರ್ಷ ಏನೂ ಆಗಬಾರದು. ಪೇಂಟ್ ಕಂಪನಿಯವರು ಸೀಲ್ ಒಡೆಯದ ಡಬ್ಬಿಯೊಂದನ್ನು ಪರೀಕ್ಷಿಸಿ, ಸತು ಇರಬೇಕಾದಷ್ಟೂ ಇದೆ, ತಪ್ಪು ನಿಮ್ಮಲ್ಲೇ ಎಲ್ಲೋ ಆಗಿದೆ ಎಂದು ಕೈತೊಳೆದುಕೊಂಡಿದ್ದರು. ತಪ್ಪು ಯಾರದು ಅಂತ ಇವತ್ತು ಸಂಜೆಯೊಳಗೆ ಹೇಳು, ಅವನು ನಾಳೆಯಿಂದ ಶೆಡ್ಡಿಗೆ ಬರೋದು ಬೇಡ, ಯಾರೂ ಸಿಗದಿದ್ದರೆ ನೀನೇ ಬರಬೇಡ ಎಂದು ಮಾಲೀಕ ರಾಜೇಂದ್ರ ಹೇಳಿಬಿಟ್ಟಿದ್ದರು. ಶ್ರೀಧರನಿಗೆ ಐವತ್ತೆರಡು. ಆ ವಯಸ್ಸಿನ ಸೂಪರ್‌ವೈಸರನನ್ನು ಪೀಣ್ಯದಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ?

ಮೆಟ್ಟಿಲಿಗೆ ಬಣ್ಣ ಹೊಡೆದವನು ಗಂಗಪ್ಪ. ಕಣ್ಣಿಗೆ ಮದ್ರಾಸ್ ಐ ಬಂದು ಅವನು ಮೂರು ದಿನದಿಂದ ಈ ವಠಾರದ ತನ್ನ ರೂಮಿನಲ್ಲೇ ಇದ್ದ. ಅವನನ್ನು ಕೇಳೋಣವೆಂದು ಹುಡುಕಿಕೊಂಡು ಬಂದರೆ, ಬಾಗಿಲಲ್ಲೇ ಈ ಗೇಟು ಶ್ರೀಧರನನ್ನು ಹಿಡಿದು ನಿಲ್ಲಿಸಿತ್ತು. ಕಾರ್ಖಾನೆಗಳ ಆಸಿಡ್ ನೀರು ಹರಿಯುವ ಆ ಮೋರಿಯ ಆವಿಗೆ ಬೀದಿಯ ಅಷ್ಟೂ ಗೇಟುಗಳ ಕೆಳಭಾಗ ಗೆದ್ದಲು ತಿಂದಂತೆ ಉದುರಿಹೋಗಿತ್ತು. ಇದೊಂದು ಮಾತ್ರ ಬೂದು ಬಣ್ಣ ಬಳಿದುಕೊಂಡು ಗಟ್ಟಿಯಾಗಿ ನಿಂತಿತ್ತು. ಯಾರದೋ ಸೈಕಲ್ ತಾಗಿ ಆದ ಹಳೆಯ ಗೀರಿನಲ್ಲಿ ಕೂಡ ಕೆಂಪು ಇರಲಿಲ್ಲ, ಒಂದಿಷ್ಟು ಬಿಳಿ ಪುಡಿ ಕೂತಿತ್ತು, ಅಷ್ಟೆ. ಶ್ರೀಧರ್ ಅದನ್ನು ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿದ. ಸತುವೇ. ಹತ್ತು ದಿನದಿಂದ ಮೆಟ್ಟಿಲಲ್ಲಿ ಹುಡುಕಿ ಸಿಗದ ಸತು ಈ ಗೇಟಿನ ಮೇಲೆ ಹೇಗೆ ಬಂತು?

ಗೌರಮ್ಮನವರನ್ನೇ ಕೇಳಿದ. ಅವರಿಗೆ ಗೇಟಿನ ಬಗ್ಗೆ ಮಾತಾಡುವುದೆಂದರೆ ಖುಷಿ. ಬೈಯುವುದನ್ನು ಮರೆತು, ಅದು ತಮ್ಮ ಬಾಡಿಗೆಯ ಗಂಗಪ್ಪ ಹೋದ ವರ್ಷ ಮಳೆಗೆ ಮುಂಚೆ ಹಚ್ಚಿದ್ದೆಂದೂ, ಒಂದು ಭಾನುವಾರ ಪೂರ್ತಿ ಗೇಟನ್ನು ಬೆಳ್ಳಗೆ ಹೊಳೆಯುವ ತನಕ ಉಜ್ಜಿದನೆಂದೂ, ಅದೇನು ಮದ್ದೋ ಏನೋ ಎಂದೂ ಹೇಳಿದರು. ಅಷ್ಟರಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಗಂಗಪ್ಪನೇ ಹೊರಗೆ ಬಂದ. ಶ್ರೀಧರನಿಗೆ ಮೈ ಉರಿದುಹೋಯಿತು. ಡಬ್ಬಿ ಕದ್ದು ತಂದು ಇಲ್ಲಿ ಹಚ್ಚಿದ್ದೀಯ, ಅಲ್ಲಿ ಮೆಟ್ಟಿಲಿಗೆ ಬರೀ ತಿನ್ನರ್ ಹೊಡೆದಿದ್ದೀಯ ಎಂದು ಬಾಯಿಗೆ ಬಂದಂತೆ ಬೈದ.

ಗಂಗಪ್ಪನಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. "ಕದ್ದಿಲ್ರೀ ಸರ್. ಡಬ್ಬಿ ತಳದಾಗ ಗಸಿ ಉಳೀತಿತ್ತಲ್ರೀ, ಅದನ್ನ ತಂದು ಹಚ್ಚೀನಿ. ಅರ್ಜೆಂಟ್ ಕೆಲಸ, ಗಸಿ ಹಾಕಿದ್ರ ಸ್ಪ್ರೇ ಗನ್ ಕಟ್ಟಿಕೊಳ್ತೈತಿ, ಕಲಕಬ್ಯಾಡ, ಮ್ಯಾಲಿಂದು ಅಷ್ಟ ಬಸಿದು ಹೊಡಿ, ಉಳಿದದ್ದು ಚೆಲ್ಲು ಅಂತ ನೀವ ಹೇಳಿದ್ರಿ. ನನಗ ಚೆಲ್ಲಾಕ ಮನಸ್ಸಾಗ್ಲಿಲ್ಲ."

ಶ್ರೀಧರ್ ಗೇಟಿಗೆ ಒರಗಿಕೊಂಡ. ಹೇಳಿದ್ದು ನಿಜ. ಅವತ್ತು ಟ್ರಕ್ಕು ಶೆಡ್ಡಿನ ಬಾಗಿಲಲ್ಲಿ ನಿಂತಿತ್ತು, ಗನ್ನು ಗಳಿಗೆಗೊಮ್ಮೆ ಕಟ್ಟಿಕೊಳ್ಳುತ್ತಿತ್ತು, ಅವನು ಹಾಗೆಂದು ಕೂಗಿದ್ದ. ಭಾರವಾದ ಸತುವೆಲ್ಲ ಡಬ್ಬಿಯ ತಳ ಸೇರುತ್ತದೆಂಬುದು ಇಪ್ಪತ್ತೈದು ವರ್ಷದ ಸರ್ವಿಸಿನ ಮನುಷ್ಯನಿಗೆ ಗೊತ್ತಿಲ್ಲದ ವಿಷಯವೇ? ಗೊತ್ತಿದ್ದೂ ಕೂಗಿದ್ದ.

"ಹಂಗಾದ್ರ ಆ ಗಸಿ ಏನ್ ಮಾಡತೈತ್ರೀ?" ಗಂಗಪ್ಪ ಗೀರಿನ ಬಿಳಿ ಪುಡಿಯನ್ನು ಬಗ್ಗಿ ನೋಡುತ್ತ ಕೇಳಿದ. ಅವನಿಗೆ ಅದೇ ಕುತೂಹಲ.

"ಅದು ಸತು ಕಣೋ. ಗಾಳಿ ನೀರು ಕಬ್ಬಿಣ ತಿನ್ನೋಕೆ ಬಂದ್ರೆ, ಮೊದ್ಲು ತನ್ನನ್ನ ತಿನ್ನು ಅಂತ ಅಡ್ಡ ನಿಂತ್ಕೊಳತ್ತೆ. ಅದು ಮುಗಿಯೋ ತನಕ ಕಬ್ಬಿಣಕ್ಕೆ ಏನೂ ಆಗಲ್ಲ."

ಗಂಗಪ್ಪ ತಲೆಯಾಡಿಸಿದ. ಹಾಗಾದರೆ ಮೆಟ್ಟಿಲು ಹಾಳಾದದ್ದಕ್ಕೆ ಈಗ ಯಾರ ಕೆಲಸ ಹೋಗುತ್ತದೆ ಎಂದು ಕೇಳಿದ. ಮಾಲೀಕರು ಅಂದದ್ದನ್ನೆಲ್ಲ ಶ್ರೀಧರ್ ಮುಚ್ಚಿಡದೆ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ರಾಜೇಂದ್ರ. ಶ್ರೀಧರ್ ಎತ್ತಲಿಲ್ಲ.

"ನನ್ನ ಹೆಸರು ಹೇಳಿಬಿಡ್ರಿ ಸರ್," ಎಂದ ಗಂಗಪ್ಪ. "ಮಣ್ಣು ಹೊರಾಂವನ ಕೈಯಾಗ ಗನ್ ಕೊಟ್ಟು ಪೇಂಟರ್ ಮಾಡಿದಾವ್ರು ನೀವ. ನನಗ ಪೀಣ್ಯಾದಾಗ ಎಲ್ಲೆರ ಕೆಲಸ ಸಿಗತೈತಿ. ನಿಮಗ ಸಿಗೂದಿಲ್ಲ."

ಬೇಡ ಎನ್ನಬೇಕೆಂದು ಶ್ರೀಧರನಿಗೆ ನಿಜವಾಗಿಯೂ ಅನಿಸಿತು. ಫೋನು ನಿಂತು, ಮತ್ತೆ ಹೊಡೆದುಕೊಂಡಿತು. ಎತ್ತಿದ. "ಪೇಂಟರ್ ತಪ್ಪು ಸಾರ್," ಎಂದುಬಿಟ್ಟ. ಆ ಕಡೆಯಿಂದ ಮಾಲೀಕರು ಏನೇನೋ ಅಂದರು, ಇವನು ಹ್ಞೂಂ ಹ್ಞೂಂ ಎಂದ. ಫೋನಿಟ್ಟ ಮೇಲೆ ನಾಚಿಕೆಯಿಂದ ಗಂಗಪ್ಪನ ಮುಖ ನೋಡಲಾಗದೆ, ಗೌರಮ್ಮನವರಿಗೆ ಕೈಮುಗಿದು ಹೊರಟ.

ಅವನು ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಹಿಂದಿನಿಂದ ಗಂಗಪ್ಪ ಕೂಗಿ ಕರೆದ.

"ಸರ್, ಹೊಸಾ ಪೇಂಟರ್ ಬಂದ್ರ, ತಳದಿಂದ ಕಲಕಾಕ ಹೇಳ್ರಿ."