ಟಿಕೆಟ್ ಇಲ್ಲದೆ ಕೂತ ಗಂಟು

ಹುಬ್ಬಳ್ಳಿಯ ಅಂಗಾಂಶ ಬ್ಯಾಂಕಿನಲ್ಲಿ ತಂತ್ರಜ್ಞೆ ಸಬೀನಾಳಿಂದ ದೊಡ್ಡ ಎಡವಟ್ಟಾಗಿತ್ತು. ಲಿಂಫೋಮಾ ಎಂಬ ಕ್ಯಾನ್ಸರಿನ ಇಬ್ಬರು ರೋಗಿಗಳ ಕುತ್ತಿಗೆಯಿಂದ ತೆಗೆದ ಗಂಟಿನ ಚೂರುಗಳು ಹೆಪ್ಪುಗಟ್ಟಿಸಿಟ್ಟ ಎರಡು ಕೊಳವೆಗಳಲ್ಲಿದ್ದವು. ಮೇಲಿನ ಹಿಮ ಒರೆಸದೆ ಅವಳು ಅಂಟಿಸಿದ್ದ ಚೀಟಿಗಳು ಎರಡೂ ಉದುರಿ ಬಿದ್ದಿದ್ದವು. ಮಧ್ಯಾಹ್ನವೇ ಅವುಗಳ ಮೇಲೆ ಹೊಸ ಔಷಧದ ಪರೀಕ್ಷೆ. ಯಾವುದು ಯಾರದೆಂದು ತಿಳಿಯದಿದ್ದರೆ ಆರು ವರ್ಷದ ಸಂಶೋಧನೆ ನೀರುಪಾಲು.

ಇಂಥ ಹೊತ್ತಿನಲ್ಲಿ ಎಲ್ಲ ಬ್ಯಾಂಕಿನವರೂ ಮಾಡುವುದನ್ನೇ ಅವಳೂ ಮಾಡಿದಳು, ಆ ಇಬ್ಬರು ರೋಗಿಗಳಲ್ಲಿ ಒಬ್ಬಳನ್ನು ಕರೆಸಿದಳು. ತಾನಿದ್ದ ಮೈಯವರ ದನಿ ಕೇಳಿದರೆ ಚೂರು ಕೆಂಪಾಗುತ್ತದಲ್ಲ!

ಬಂದವಳು ಬಸ್ ಕಂಡಕ್ಟರ್ ನೀಲವ್ವ. ಕಾಯಿಲೆ ವಾಸಿಯಾಗಿ ಡ್ಯೂಟಿಗೆ ಮರಳಿ ಐದು ವರ್ಷವಾಗಿತ್ತು. ದೊಡ್ಡವರ ಮನೆಗೆ ಬಂದವಳಂತೆ ಕೈಮುಗಿದು, "ನಮಸ್ಕಾರ್ರಿ, ನಾನು ನೀಲವ್ವ," ಎಂದು ಕೊಳವೆಗಳಿಗೆ ಮೆಲ್ಲಗೆ ಹೇಳಿದಳು. ಯಾವ ಚೂರೂ ಕೆಂಪಾಗಲಿಲ್ಲ. ಸಬೀನಾ ಗಡಿಯಾರ ನೋಡಿದಳು.

"ಅಕ್ಕಾರ, ನೀವು ದಿನಾ ಮಾತಾಡೋ ಹಂಗ ಮಾತಾಡ್ರಿ."

ನೀಲವ್ವ ಖಾಕಿ ಅಂಗಿಯ ತೋಳು ಮೇಲೇರಿಸಿದಳು. "ಯಾರ್ರೀ ಅದು ಬಾಗಲದಾಗ ನಿಂತಾವ್ರು? ಒಳಗ ಸರೀರಿ! ರೈಟ್, ರೈಟ್!"

ಕೋಣೆಯ ಗಾಜು ನಡುಗಿತು. ಎಡಗಡೆಯ ಚೂರು ದಾಸವಾಳದ ಹಾಗೆ ಕೆಂಪಾಯಿತು. ಸಬೀನಾ ನಕ್ಕು, ಕೊಳವೆಯ ಹಿಮವನ್ನು ಎರಡೆರಡು ಸಲ ಒರೆಸಿ ಚೀಟಿ ಅಂಟಿಸಿದಳು.

"ಇದನ್ನ ಇನ್ನೂ ಪರೀಕ್ಷೆಗೆ ಬಳಸಬಹುದೇನ್ರಿ ಅಕ್ಕಾರ?"

"ಬಳಸ್ರಿ ಬಳಸ್ರಿ," ಎಂದ ನೀಲವ್ವ ಕೊಳವೆಯನ್ನು ದುರುಗುಟ್ಟಿ ನೋಡಿದಳು. "ಟಿಕೆಟ್ ಇಲ್ದ ನನ್ನ ಕುತ್ತಿಗ್ಯಾಗ ಕುಂತು ಬಂದಿತ್ತು ಇದು. ಈಗ ಕೆಳಗ ಇಳದೈತಲ್ಲ, ನನ್ನಂಥ ರೋಗದ ನಾಕ್ ಮಂದಿ ಕುಂತ ಬಸ್ ತಳ್ಳಲಿ!"